ಮೂಗು ತುರಿಸಿದ್ದೇ ಕಷ್ಟವಂತೆ

ಮಾರ್ಚ್ 12, 2025, ಬುಧವಾರ
(ತಾರೀಖು ಬದಲಾಗಿದೆ. ಆದರೂ ಮಲಗುವವರೆಗೆ ಬುಧವಾರವೇ.)

ರಾತ್ರಿ ಎರಡೂವರೆ. ಅಪ್ಪ ಎದ್ದು ಕೂತು ಹಳೇ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಜೋಡಿಸುತ್ತಿದ್ದಾರೆ. ಡೆಕ್ಸಾಮೆಥಾಸೋನ್ ಮಹಿಮೆ. ಮಿದುಳಿನ ಬಾವು ಇಳಿಯಲಿ ಅಂತ ಕೊಟ್ಟ ಸ್ಟೀರಾಯ್ಡ್ ಅದು. ಎರಡನೇ ಡೋಸನ್ನು ನಾನು ರಾತ್ರಿ ಕೊಡುತ್ತಿದ್ದೆ, ತಪ್ಪು ನನ್ನದೇ. ಮಧ್ಯಾಹ್ನದೊಳಗೆ ಕೊಟ್ಟು ಮುಗಿಸಿ ಅಂತ ಇವತ್ತು ನರ್ಸ್ ಹೇಳಿದರು. ನಿದ್ದೆ ಇಲ್ಲ, ಹಸಿವು ವಿಪರೀತ, ಶುಗರ್ ಬೇರೆ ಏರಿದೆ. ಆದರೆ ಶುರು ಮಾಡಿದ ಎರಡೇ ದಿನಕ್ಕೆ ಎಡಗಾಲು ನೆಟ್ಟಗೆ ಎತ್ತಿಡತೊಡಗಿದರು, ಅದನ್ನೂ ಹೇಳಬೇಕಲ್ವಾ.

ಕ್ಯಾನ್ಸರ್ ಮಿದುಳಿಗೆ ಹರಡಿದ್ದು ಗೊತ್ತಾಗಿದ್ದೂ ಆ ಕಾಲಿನಿಂದಲೇ. ಶ್ವಾಸಕೋಶದ ಗಡ್ಡೆ ವಿಷಯ ಜನವರಿಯಲ್ಲೇ ತಿಳಿದಿತ್ತು. ಮೂರು ವಾರದ ಹಿಂದೆ ಒಂದು ಸಂಜೆ ಎಡಗಾಲಿನ ಚಪ್ಪಲಿ ಗೇಟಿನ ಹತ್ತಿರವೇ ಕಳಚಿ ಬಿದ್ದಿದ್ದರೂ ಗೊತ್ತೇ ಆಗದೆ ಅಪ್ಪ ಒಂದೇ ಚಪ್ಪಲಿಯಲ್ಲಿ ಒಳಗೆ ಬಂದರು. ನಾವೆಲ್ಲ ನಕ್ಕೆವು. ಎಂಆರ್‌ಐಯಲ್ಲಿ ಮಿದುಳಿನಲ್ಲಿ ಮೂರು ಗಡ್ಡೆ ಕಂಡವು, ದೊಡ್ಡದು ಬಲಭಾಗದಲ್ಲಿ; ಎಡಗಾಲನ್ನು ನಡೆಸುವುದು ಆ ಭಾಗವೇ. ಆ ನಗು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಲಸುತ್ತದೆ.

"ಬ್ರೈನ್ ಕ್ಯಾನ್ಸರ್ರಾ?" ಅಂತ ಎಲ್ಲರೂ ಕೇಳುತ್ತಾರೆ. ಅಲ್ಲ, ತಲೆಯಲ್ಲಿ ಬಂದು ಕೂತಿರುವ ಲಂಗ್ ಕ್ಯಾನ್ಸರ್. ಸುಮ್ನೆ ಹೆಸರಿನ ಮಾತಲ್ಲ, ಔಷಧಿ ಯಾವುದು ಅಂತ ತೀರ್ಮಾನವಾಗುವುದೇ ಇದರ ಮೇಲೆ. ಬಯಾಪ್ಸಿಯಲ್ಲಿ ಇಜಿಎಫ್‌ಆರ್ ಮ್ಯುಟೇಶನ್ (ಕ್ಯಾನ್ಸರ್ ಕಣದ ಒಂದು ಜೀನಿನಲ್ಲಾದ ಬದಲಾವಣೆ) ಸಿಕ್ಕಿದ್ದರಿಂದ ಒಸಿಮೆರ್ಟಿನಿಬ್, 80 ಮಿಲಿಗ್ರಾಂ, ದಿನಕ್ಕೊಂದು ಮಾತ್ರೆ. ಎಷ್ಟೋ ಔಷಧಿಗಳನ್ನು ಮಿದುಳಿನ ರಕ್ತನಾಳಗಳ ಗೋಡೆ ಆಚೆಗೇ ತಡೆದುಬಿಡುತ್ತದೆ, ಇದು ಮಾತ್ರ ನುಸುಳಿಕೊಂಡು ಒಳಗೆ ಹೋಗುತ್ತದೆ.

ಇವತ್ತು ರೇಡಿಯೋಸರ್ಜರಿ ಇತ್ತು. ಹೆಸರು ಸರ್ಜರಿ, ಕೊಯ್ಯುವುದೇನೂ ಇಲ್ಲ, ಬರೀ ರೇಡಿಯೇಶನ್. ಇಡೀ ತಲೆಗೆ ರೇಡಿಯೇಶನ್ ಕೊಡುತ್ತಾರೇನೋ ಅಂತ ಹೆದರಿದ್ದೆ, ಅದರಲ್ಲಿ ಮರೆವು ಬರುವ ಸಾಧ್ಯತೆ ಜಾಸ್ತಿ. ಗಡ್ಡೆ ಕೆಲವೇ ಇದ್ದರೆ ಅವಕ್ಕಷ್ಟೇ ಗುರಿಯಿಟ್ಟು ಕೊಡುತ್ತಾರೆ, ತಲೆ ಕೂದಲೆಳೆಯಷ್ಟೂ ಅಲುಗಬಾರದು. ಅದಕ್ಕೇ ಹೋದ ವಾರ ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು ಮಾಸ್ಕ್ ಮಾಡಿದ್ದರು. ಇವತ್ತು ಅದನ್ನು ಹಾಕಿ ಟೇಬಲಿಗೆ ಬಿಗಿದರು. ಮುಕ್ಕಾಲು ಗಂಟೆ. ಹೊರಗೆ ಬಂದಾಗ ಹಣೆ, ಕೆನ್ನೆ ತುಂಬ ಜಾಲರಿಯ ಅಚ್ಚು.

"ನೋವಾಯ್ತಾ ಅಪ್ಪಾ?"

"ಮೂಗು ತುರಿಸ್ತಿತ್ತು ಕಣೇ, ಅದೇ ಕಷ್ಟ."

ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ, ಸ್ವಲ್ಪಸ್ವಲ್ಪವೇ ಇಳಿಸಬೇಕು. ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಎರಡು ತಿಂಗಳಿಗೆ ಮತ್ತೆ ಎಂಆರ್‌ಐ. ಆಗ ಗಡ್ಡೆ ಊದಿದ ಹಾಗೆ ಕಂಡರೂ ಬೆಳೆದಿದೆ ಅಂತಲೇ ಅಲ್ಲವಂತೆ, ರೇಡಿಯೇಶನ್ನಿಗೆ ಸತ್ತ ಭಾಗವೂ ಕೆಲವೊಮ್ಮೆ ಹಾಗೇ ಕಾಣುತ್ತದಂತೆ. ವಾಸಿ ಅನ್ನುವ ಮಾತು ಡಾಕ್ಟರ ಬಾಯಲ್ಲಿ ಬರಲಿಲ್ಲ. ಹತೋಟಿ ಅಂದರು.

ಮಾಸ್ಕ್ ಬಿಸಾಡಲಾ ಅಂತ ಅಲ್ಲಿಯವರು ಕೇಳಿದರೆ ಅಪ್ಪ ಬೇಡ ಅಂತ ಕೈಯಲ್ಲಿ ಹಿಡಿದುಕೊಂಡೇ ಬಂದರು. ಈಗ ಫ್ಯಾನಿನ ಗಾಳಿಗೆ ಬಿಲ್ಲು ಹಾರದಿರಲಿ ಅಂತ ಅದನ್ನೇ ಮೇಲೆ ಇಟ್ಟುಕೊಂಡಿದ್ದಾರೆ.