ತಾಳೆಯಾಗದ ರೀಡಿಂಗನ್ನು ಅಳಿಸಬೇಡಿ

ಓಮ್ ನಿಯಮ (ವೋಲ್ಟೇಜ್ ಎಂದರೆ ಕರೆಂಟ್ ಗುಣಿಸು ರೋಧ), ಕಿರ್ಚಾಫ್‌ನ ಎರಡು ನಿಯಮಗಳು: ಎಲೆಕ್ಟ್ರಿಕಲ್ ಲ್ಯಾಬಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಮಾಡಿಸುವ ಪ್ರಯೋಗಗಳು ಇವೇ. ಅಬ್ಸರ್ವೇಶನ್ ಪುಸ್ತಕ ತಿದ್ದುವಾಗ ನನಗೆ ಅನುಮಾನ ಬರುವುದು ರೀಡಿಂಗ್ ತೀರಾ ಸರಿಯಾಗಿದ್ದಾಗ. 1, 2.2 ಮತ್ತು 3.3 ಕಿಲೋ ಓಮ್‌ನ ಮೂರು ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಜೋಡಿಸಿ 10 ವೋಲ್ಟ್ ಕೊಟ್ಟರೆ ಲೆಕ್ಕದ ಪ್ರಕಾರ 1.54, 3.38, 5.08 ವೋಲ್ಟ್ ಬರಬೇಕು. ಅಳತೆಯ ಕಾಲಮ್ಮಿನಲ್ಲೂ ಅಚ್ಚು ಹೊಡೆದ ಹಾಗೆ ಅದೇ ಮೂರು ಸಂಖ್ಯೆ ಕಂಡರೆ ಆ ಟೇಬಲ್ಲಿನ ಹತ್ತಿರ ಹೋಗಿ, ಮತ್ತೊಮ್ಮೆ ಅಳೆದು ತೋರಿಸಿ ಎನ್ನುತ್ತೇನೆ.

ರೆಸಿಸ್ಟರ್ ಮೇಲಿನ ಚಿನ್ನದ ಬಣ್ಣದ ಪಟ್ಟಿ ಶೇ. 5ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ ಎನ್ನುತ್ತದೆ. 1 ಕಿಲೋ ಓಮ್ ಎಂದಿರುವುದು 950ರಿಂದ 1,050 ಓಮ್‌ವರೆಗೆ ಎಷ್ಟಾದರೂ ಇರಬಹುದು. ಅದಕ್ಕೇ ಸರ್ಕ್ಯೂಟಿಗೆ ಹಾಕುವ ಮೊದಲು ಪ್ರತಿಯೊಂದನ್ನೂ ಬಿಡಿಯಾಗಿ ಅಳೆದು ಬರೆದುಕೊಳ್ಳಲು ಹೇಳುತ್ತೇನೆ. ಸರ್ಕ್ಯೂಟಿನಲ್ಲಿರುವಾಗಲೇ ಓಮ್ ಅಳೆದರೆ ಪಕ್ಕದ ದಾರಿಗಳೂ ಸೇರಿಕೊಂಡು ಬೇರೇನೋ ತೋರಿಸುತ್ತದೆ. ಸಪ್ಲೈ ಆನ್ ಇದ್ದರಂತೂ ಆ ಸಂಖ್ಯೆಗೆ ಅರ್ಥವೇ ಇಲ್ಲ, ಮೀಟರಿಗೂ ಅಪಾಯ. ರೀಡಿಂಗ್ ಎಲ್ಲ ಪೆನ್ನಿನಲ್ಲಿ ಬರೆದಾದ ಮೇಲೇ ಲೆಕ್ಕ. ಉತ್ತರ ಮೊದಲೇ ಗೊತ್ತಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ.

ಮೂರೂ ವೋಲ್ಟೇಜುಗಳು ಲೆಕ್ಕಕ್ಕಿಂತ ಸ್ವಲ್ಪ ಸ್ವಲ್ಪ ಆಚೀಚೆ ಇರುತ್ತವೆ, ಕೂಡಿಸಿದರೆ ಮಾತ್ರ 10 ವೋಲ್ಟೇ ಬರುತ್ತದೆ. ಇದನ್ನು ಗಮನಿಸುವವರು ಕಡಿಮೆ. ಕಿರ್ಚಾಫ್‌ನ ವೋಲ್ಟೇಜ್ ನಿಯಮಕ್ಕೆ (ಸುತ್ತಿನಲ್ಲಿರುವ ರೆಸಿಸ್ಟರ್‌ಗಳ ವೋಲ್ಟೇಜುಗಳ ಮೊತ್ತ ಸಪ್ಲೈಗೆ ಸಮ ಎನ್ನುವುದು) ರೆಸಿಸ್ಟರ್ ಎಷ್ಟು ಓಮ್‌ನದು ಎಂಬುದು ಬೇಕಾಗಿಲ್ಲ. ಬೆಲೆ ಎಷ್ಟೇ ಏರುಪೇರಾದರೂ ಸುತ್ತಿನ ಮೊತ್ತ ಕೆಡುವುದಿಲ್ಲ. ಓಮ್ ನಿಯಮವೇ ಬೇರೆ, ಈ ನಿಯಮವೇ ಬೇರೆ ಎನ್ನುವುದು ಮನಸ್ಸಿಗೆ ನಾಟುವುದು ಈ ಸಣ್ಣ ವ್ಯತ್ಯಾಸವನ್ನು ಅಳಿಸದೆ ಉಳಿಸಿಕೊಂಡವರಿಗೆ.

ಇಷ್ಟಾದ ಮೇಲೆ ನಾನು ತಪ್ಪದೆ ಮಾಡಿಸುವ ಇನ್ನೊಂದು ಜೋಡಣೆ ಇದೆ. 1 ಮೆಗಾ ಓಮ್‌ನ ಎರಡು ರೆಸಿಸ್ಟರ್ ಸರಣಿಯಲ್ಲಿ, ಸಪ್ಲೈ ಅದೇ 10 ವೋಲ್ಟ್. ತಲಾ 5 ವೋಲ್ಟ್ ಬರಬೇಕೆಂದು ಯಾರಾದರೂ ಹೇಳುತ್ತಾರೆ. ಡಿಜಿಟಲ್ ಮಲ್ಟಿಮೀಟರ್ ಇಟ್ಟರೆ ಮೊದಲನೆಯದರ ಮೇಲೆ ಸುಮಾರು 4.76, ಎರಡನೆಯದರ ಮೇಲೂ 4.76. ಕೂಡಿಸಿದರೆ 9.52. ಎರಡನ್ನೂ ಸೇರಿಸಿ ಅಳೆದರೆ ಪೂರ್ತಿ 10. ಕೂಡಲೇ ಬ್ರೆಡ್‌ಬೋರ್ಡಿನ ವೈರುಗಳನ್ನು ಒತ್ತಿ ನೋಡುತ್ತಾರೆ, ಲೂಸ್ ಕನೆಕ್ಷನ್ ಹುಡುಕುತ್ತಾರೆ, ಮೀಟರ್ ಬದಲಾಯಿಸುತ್ತಾರೆ. "ಮೇಡಂ, ಅರ್ಧ ವೋಲ್ಟ್ ಎಲ್ಲಿ ಹೋಯ್ತು?" ಎಂಬ ಪ್ರಶ್ನೆ ಬರುವವರೆಗೂ ನಾನು ಬಾಯಿ ಬಿಡುವುದಿಲ್ಲ.

ಆಮೇಲೆ ಇನ್ನೊಂದು ಮೀಟರ್ ಕೊಟ್ಟು, ಎರಡೂ ರೆಸಿಸ್ಟರ್‌ಗಳ ಮೇಲೆ ಏಕಕಾಲಕ್ಕೆ ಅಳೆಯಿರಿ ಎನ್ನುತ್ತೇನೆ. ಈಗ ಎರಡೂ ಮೀಟರುಗಳಲ್ಲಿ 5 ವೋಲ್ಟಿನ ಆಸುಪಾಸು, ಮೊತ್ತ 10! ವೋಲ್ಟೇಜ್ ಅಳೆಯುವಾಗ ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ 10 ಮೆಗಾ ಓಮ್. 1 ಮೆಗಾ ಓಮ್‌ಗೆ ಅದು ಸಮಾಂತರವಾಗಿ ಸೇರಿದರೆ ಅಲ್ಲಿ ಉಳಿಯುವುದು 0.909 ಮೆಗಾ ಓಮ್. ಒಂದೇ ಮೀಟರನ್ನು ಅಲ್ಲಿಂದಿಲ್ಲಿಗೆ ಒಯ್ದಾಗ ಅಳೆದದ್ದು ಎರಡು ಬೇರೆ ಬೇರೆ ಸರ್ಕ್ಯೂಟುಗಳನ್ನು. ಮೊದಲನೆಯದರ ಮೇಲೆ 4.76 ಇದ್ದ ಹೊತ್ತಿಗೆ ಎರಡನೆಯದರ ಮೇಲೆ 5.24 ಇತ್ತು, ನೋಡಲು ಅಲ್ಲಿ ಮೀಟರ್ ಇರಲಿಲ್ಲ ಅಷ್ಟೇ. ನಿಯಮ ಒಂದು ಕ್ಷಣವೂ ತಪ್ಪಿರಲಿಲ್ಲ. ವೋಲ್ಟಿಗೆ 20 ಕಿಲೋ ಓಮ್ ಇರುವ ಮುಳ್ಳಿನ ಮೀಟರನ್ನು 10 ವೋಲ್ಟ್ ರೇಂಜಿನಲ್ಲಿಟ್ಟರೆ ಒಳರೋಧ ಬರೀ 200 ಕಿಲೋ ಓಮ್. ಮುಳ್ಳು 1.43ರ ಹತ್ತಿರ ನಿಂತುಬಿಡುತ್ತದೆ. ಮೀಟರ್ ಕೂಡ ಸರ್ಕ್ಯೂಟಿನ ಒಂದು ಭಾಗ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ, ಆ ಮುಳ್ಳು ನಿಲ್ಲುವ ಜಾಗ ನೋಡಿದಾಗ ಆಗುವಷ್ಟು ಅರ್ಥವಾಗುವುದಿಲ್ಲ.

ಸಂಧಿಗೆ ಬಂದಷ್ಟೇ ಕರೆಂಟ್ ಹೊರಗೂ ಹೋಗಬೇಕು ಎನ್ನುವ ಕಿರ್ಚಾಫ್‌ನ ಕರೆಂಟ್ ನಿಯಮದ ಪ್ರಯೋಗದಲ್ಲೂ ಇದೇ ಕಥೆ, ಮಗ್ಗುಲು ಬೇರೆ. 100 ಓಮ್‌ನ ಎರಡು ರೆಸಿಸ್ಟರ್ ಸಮಾಂತರವಾಗಿ, ಸಪ್ಲೈ 1 ವೋಲ್ಟ್. ಕವಲಿಗೆ 10ರಂತೆ ಒಟ್ಟು 20 ಮಿಲಿ ಆಂಪಿಯರ್ ಬರಬೇಕು. 20 ಮಿಲಿ ಆಂಪಿಯರ್ ರೇಂಜಿನಲ್ಲಿ ಮೀಟರ್ 10 ಓಮ್ ರೋಧ ತರುತ್ತದೆ ಎಂದಿಟ್ಟುಕೊಳ್ಳಿ, ಬಹಳಷ್ಟು ಅಗ್ಗದ ಮೀಟರುಗಳಲ್ಲಿ ಅಷ್ಟಿರುತ್ತದೆ. ಒಂದೇ ಮೀಟರನ್ನು ಸರದಿಯಂತೆ ಹಾಕಿದರೆ ಕವಲುಗಳಲ್ಲಿ ತಲಾ 9.09, ಮುಖ್ಯ ದಾರಿಯಲ್ಲಿ 16.67. ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಹೆಚ್ಚು! ಮೂರು ಕಡೆ ಮೂರು ಮೀಟರ್ ಹಾಕಿ ಬಿಟ್ಟರೆ 7.69, 7.69, 15.38. ಸಂಖ್ಯೆಗಳು ಇನ್ನೂ ಕುಗ್ಗಿದವು, ಆದರೆ ತಾಳೆಯಾದವು. ಮೂರು ಮೀಟರ್ ಇಲ್ಲದ ಕಡೆ ಮೂರೂ ಜಾಗದಲ್ಲಿ 1 ಓಮ್‌ನ ರೆಸಿಸ್ಟರ್ ಕಾಯಂ ಕೂರಿಸಿ, ಅದರ ಮೇಲಿನ ಮಿಲಿವೋಲ್ಟ್ ಓದಿಕೊಂಡರೆ ಸಾಕು, ಎಷ್ಟು ಮಿಲಿವೋಲ್ಟೋ ಅಷ್ಟೇ ಮಿಲಿ ಆಂಪಿಯರ್. ಅಳೆಯುವಾಗ ಸರ್ಕ್ಯೂಟ್ ಬದಲಾಗುವುದಿಲ್ಲ, ವೈರ್ ಬಿಚ್ಚುವ ತಾಪತ್ರಯವೂ ಇಲ್ಲ. ಆಂಪಿಯರ್ ಸಾಕೆಟ್ಟಿನಲ್ಲಿದ್ದ ಪ್ರೋಬನ್ನು ಮರೆತು ಸಪ್ಲೈಗೆ ಅಡ್ಡ ಇಟ್ಟು ಫ್ಯೂಸ್ ಸುಡುವುದೂ ಇದರಿಂದ ಕಡಿಮೆಯಾಗುತ್ತದೆ.

ಪ್ಲಸ್ ಮೈನಸ್ ವಿಷಯಕ್ಕೆ ಒಂದೇ ಮಾತು: ಸುತ್ತುವ ದಿಕ್ಕನ್ನು ಮೊದಲೇ ಗೊತ್ತುಮಾಡಿಕೊಂಡು, ಬಿಟ್ಟ ತುದಿಗೆ ಕಪ್ಪು ಪ್ರೋಬ್, ಸೇರಿದ ತುದಿಗೆ ಕೆಂಪು ಪ್ರೋಬ್ ಇಡುತ್ತ ಸಪ್ಲೈ ಸೇರಿಸಿ ಪೂರ್ತಿ ಸುತ್ತಿ ಬನ್ನಿ, ಮೀಟರ್ ತೋರಿಸಿದ ಚಿಹ್ನೆಯನ್ನು ಹಾಗೇ ಬರೆಯಿರಿ. ಮೊತ್ತ ಸೊನ್ನೆಯಾಗುತ್ತದೆ.

ಸಪ್ಲೈಯನ್ನೂ ನಂಬಿ ಕೂರುವಂತಿಲ್ಲ. ಸ್ವತಃ ಓಮ್ ಈ ತೊಂದರೆ ಪಟ್ಟವನು. ಆತನ ಕಾಲದ ವೋಲ್ಟಾ ಸೆಲ್ಲುಗಳು ಪ್ರಯೋಗದ ನಡುವೆಯೇ ಏರಿಳಿಯುತ್ತಿದ್ದವು. ಜರ್ಮನ್ ಭೌತವಿಜ್ಞಾನಿ ಪೋಗೆನ್‌ಡಾರ್ಫ್ ಕೊಟ್ಟ ಸಲಹೆಯಂತೆ ಆತ ತಾಮ್ರ ಮತ್ತು ಬಿಸ್ಮತ್‌ನ ಉಷ್ಣಯುಗ್ಮಕ್ಕೆ (ಎರಡು ಲೋಹಗಳ ಸಂಧಿಗಳ ನಡುವಿನ ಬಿಸಿಯ ವ್ಯತ್ಯಾಸದಿಂದ ವೋಲ್ಟೇಜ್ ಕೊಡುವ ಜೋಡಣೆ) ಬದಲಾಯಿಸಿಕೊಂಡ. ಒಂದು ಸಂಧಿ ಕುದಿಯುವ ನೀರಿನಲ್ಲಿ, ಇನ್ನೊಂದು ಕರಗುವ ಮಂಜುಗಡ್ಡೆಯಲ್ಲಿ, ಹಾಗಾಗಿ ವೋಲ್ಟೇಜ್ ಅಲುಗುತ್ತಿರಲಿಲ್ಲ. ಓಮ್ ನಿಯಮವನ್ನು ವಿವರಿಸಿದ ಆತನ 1827ರ ಪುಸ್ತಕದ ಹಿಂದೆ ಈ ಶ್ರಮವಿದೆ. ನಮ್ಮಲ್ಲಿ ಅನೇಕರು ಸರ್ಕ್ಯೂಟ್ ಜೋಡಿಸುವ ಮೊದಲೇ ಸಪ್ಲೈಯನ್ನು 10 ವೋಲ್ಟಿಗೆ ತಿರುಗಿಸಿ, ಆಮೇಲೆ ಆ ಕಡೆ ನೋಡುವುದೇ ಇಲ್ಲ. ಲೋಡ್ ಕೊಟ್ಟ ಮೇಲೆ ಇನ್ನೊಮ್ಮೆ ಅಳೆದು ಬರೆಯಬೇಕು.

ಈಗ ನಮ್ಮ ಲ್ಯಾಬಿನ ಟೇಬಲ್ಲಿಗೆ ಮೂರು ಕಾಲಂ ಸೇರಿಸಿದ್ದೇನೆ: ಬಿಡಿಯಾಗಿ ಅಳೆದ ರೋಧ, ಮೀಟರಿನ ರೇಂಜ್, ಲೋಡ್ ಇದ್ದಾಗಿನ ಸಪ್ಲೈ ವೋಲ್ಟೇಜ್. ಲೆಕ್ಕಕ್ಕೂ ಅಳತೆಗೂ ವ್ಯತ್ಯಾಸ ಶೇ. 5 ದಾಟಿದರೆ ಕಾರಣವನ್ನು ಎರಡು ಸಾಲಿನಲ್ಲಿ ಬರೆಯಬೇಕು. ಅಂಕದಲ್ಲಿ ದೊಡ್ಡ ಪಾಲು ಆ ಎರಡು ಸಾಲಿಗೇ.