ಕಾಲೊರೆಸಿಕೊಂಡು ಹತ್ತುವ ಬಂಡೆಗಳು

ಫ್ರಾನ್ಸಿನ ಫಾಂಟೇನ್‌ಬ್ಲೋ ಕಾಡು. ಮೊದಲ ದಿನದ ಮೊದಲ ಬಂಡೆ. ಕೈ ಎತ್ತಿದರೆ ನೆತ್ತಿ ಸಿಗುವಷ್ಟೇ ಎತ್ತರ. ಬುಡದಲ್ಲಿ ಹಳದಿ ಬಣ್ಣದಲ್ಲಿ ಒಂದು ನಂಬರ್, ಪಕ್ಕದಲ್ಲಿ ಸಣ್ಣ ಬಾಣದ ಗುರುತು. ಹಳದಿ ಅಂದರೆ ಸುಲಭದ ದಾರಿ. ನಾನು ಏಳು ವರ್ಷ ಹಂಪಿ ಬಂಡೆ ಹತ್ತಿದವನು. ಎರಡೂ ಕೈ ಮೇಲಿಟ್ಟು ಹಿಡಿತ ಹುಡುಕಿದೆ. ಏನೂ ಸಿಗಲಿಲ್ಲ. ಗೀರು ಇಲ್ಲ, ಹರಳಿಲ್ಲ, ಅಂಚಿಲ್ಲ. ಬರೀ ದುಂಡಗಿನ, ತಣ್ಣನೆಯ ಕಲ್ಲು. ಕಾಲು ಜಾರಿತು. ಮತ್ತೆ ಹತ್ತಿದೆ, ಮತ್ತೆ ಜಾರಿತು.

ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಫ್ರೆಂಚಿನಲ್ಲಿ ಏನೋ ಹೇಳಿದರು. ಎಪ್ಪತ್ತು ದಾಟಿರಬೇಕು. ಕೈಯಲ್ಲಿ ಒಂದು ಚಿಕ್ಕ ಕಾರ್ಪೆಟ್ ತುಂಡು. ಅದನ್ನು ನನ್ನ ಕಾಲ ಕೆಳಗೆ ಹಾಸಿ ಶೂ ಕಡೆ ಬೆರಳು ತೋರಿಸಿದರು. ನಮ್ಮ ಜೊತೆಗಿದ್ದ ಮೈಸೂರಿನ ಗೆಳೆಯ ಕನ್ನಡಕ್ಕೆ ತಿರುಗಿಸಿ ಹೇಳಿದ: "ಕಾಲು ಒರೆಸ್ಕೊಂಡು ಹತ್ತಬೇಕಂತೆ."

ಮನೆಯೊಳಗೆ ಬರುವಾಗ ಅಮ್ಮ ಹೇಳುತ್ತಿದ್ದ ಮಾತು. ಅದನ್ನು ಪ್ಯಾರಿಸ್ ಪಕ್ಕದ ಕಾಡಿನಲ್ಲಿ ಕೇಳಿ ಮೈ ಜುಮ್ ಅಂದಿತು.

ಫಾಂಟೇನ್‌ಬ್ಲೋ ಪ್ಯಾರಿಸ್‌ನಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್. ಗಾರ್ ದ ಲಿಯೋಂ ಸ್ಟೇಷನ್‌ನಲ್ಲಿ ರೈಲು ಹತ್ತಿದರೆ 40 ನಿಮಿಷ. ಆದರೆ ಬಂಡೆಗಳು ಕಾಡಿನ ತುಂಬ ಅಲ್ಲಲ್ಲಿ ಚೆಲ್ಲಿಕೊಂಡಿವೆ, ಕಾರಿಲ್ಲದೆ ಆಗೋದಿಲ್ಲ. ಪ್ಯಾರಿಸ್‌ನಲ್ಲಿ ಕೆಲಸ ಮಾಡುವ ಮೈಸೂರಿನ ಗೆಳೆಯ ತನ್ನ ಕಾರು ತಂದಿದ್ದ. ಬೆಂಗಳೂರಿನಿಂದ ಹೋದವರು ಮೂವರು. ನಾನು, ಬಾದಾಮಿಯಲ್ಲೇ ಹುಟ್ಟಿ ಬೆಳೆದ ಗೆಳೆಯ, ಮತ್ತೆ ನಾವೆಲ್ಲ ಅಕ್ಕ ಅನ್ನುವವರು. ಅಕ್ಕನಿಗೆ ಐವತ್ತರ ಹತ್ತಿರ. ಕಂಠೀರವ ಕ್ರೀಡಾಂಗಣದ ಹತ್ತುವ ಗೋಡೆಯಲ್ಲಿ ನನಗೆ ಮೊದಲ ಪಾಠ ಹೇಳಿದವರು ಅವರೇ. ಬಿದ್ದರೆ ಪೆಟ್ಟಾಗದಿರಲಿ ಅಂತ ಬಂಡೆ ಕೆಳಗೆ ಹಾಸುವ ದಪ್ಪ ಕ್ರ್ಯಾಶ್ ಪ್ಯಾಡ್‌ಗಳನ್ನು ಅಲ್ಲೇ ಅಂಗಡಿಯಲ್ಲಿ ಬಾಡಿಗೆಗೆ ತಗೊಂಡೆವು. ಅಕ್ಟೋಬರ್ ತಿಂಗಳು. ಜರೀಗಿಡಗಳು ಕಂದು ಬಣ್ಣಕ್ಕೆ ತಿರುಗಿದ್ದವು, ಕಾಲಿಟ್ಟಲ್ಲೆಲ್ಲ ಚೆಸ್ಟ್‌ನಟ್ ಕಾಯಿ. ಚಳಿ ಇದ್ದರೆ ಕೈ ಬೆವರಲ್ಲ, ಶೂ ಅಡಿಯ ರಬ್ಬರ್ ಕಲ್ಲನ್ನು ಚೆನ್ನಾಗಿ ಕಚ್ಚುತ್ತೆ. ಹತ್ತುವವರಿಗೆ ಅದೇ ಹಬ್ಬ.

ಇಲ್ಲಿನ ಕಲ್ಲು ಮರಳುಗಲ್ಲು. ಮೂರು ಕೋಟಿ ವರ್ಷಕ್ಕೂ ಹಿಂದೆ ಈ ಜಾಗದಲ್ಲಿ ಸಮುದ್ರ ಇತ್ತು. ಅದು ಬಿಟ್ಟು ಹೋದ ಬಿಳಿ ಮರಳು ಕೆಲವು ಕಡೆ ಅಂಟಿಕೊಂಡು ಕಲ್ಲಾಯಿತು, ಉಳಿದ ಕಡೆ ಮರಳಾಗೇ ಉಳಿಯಿತು. ಆ ಮರಳು ಎಷ್ಟು ಶುದ್ಧ ಅಂದರೆ ಗಾಜು ಮಾಡೋಕೆ ಬಳಸುತ್ತಾರೆ. ಎರಡನೇ ದಿನ ತ್ರ್ವಾ ಪಿನ್ಯೋಂ ಕಡೆಯ ಕೂ ದ ಶಿಯಾಂಗೆ ಹೋದಾಗ ಇದು ಕಣ್ಣಿಗೇ ಕಂಡಿತು. ಪೈನ್ ಮರಗಳ ಮಧ್ಯೆ ನಡೆದು ಹೋಗ್ತಾ ಇದ್ದೀವಿ, ಇದ್ದಕ್ಕಿದ್ದ ಹಾಗೆ ಮರ ಮುಗಿದು ಕಡಲ ತೀರದಂಥ ಬಯಲು. ಬೆಳ್ಳಗಿನ ಮರಳು. ಮಕ್ಕಳು ಬಕೆಟ್ ಹಿಡಿದು ಆಡುತ್ತಿದ್ದರು. ಅಂಚಿನಲ್ಲಿ ಒಂದು ದೊಡ್ಡ ಬಂಡೆ ಚಾವಣಿ ಹಾಗೆ ಮುಂದಕ್ಕೆ ಚಾಚಿಕೊಂಡಿತ್ತು. ಬಂಡೆಗಳ ನೆತ್ತಿ ನೋಡಿದರೆ ಆಮೆ ಚಿಪ್ಪಿನ ಹಾಗೆ ಬಿರುಕು ಬಿರುಕು. ಅಕ್ಕ ಶೂ ಬಿಚ್ಚಿ ಬರಿಗಾಲಲ್ಲಿ ಮರಳಲ್ಲಿ ಓಡಾಡಿದರು. ಅವತ್ತು ಹತ್ತಿದ್ದು ಕಡಿಮೆ, ಕೂತು ನೋಡಿದ್ದೇ ಜಾಸ್ತಿ.

ಅಜ್ಜಿ ಕಾರ್ಪೆಟ್ ಹಾಸಿದ್ದರ ಕಾರಣವೂ ಈ ಮರಳೇ. ಶೂ ಅಡಿಗೆ ನಾಲ್ಕು ಕಾಳು ಮರಳು ಅಂಟಿದರೂ ಸಾಕು, ಕಾಲು ಜಾರುತ್ತೆ. ಅದಕ್ಕಿಂತ ಮುಖ್ಯ, ಆ ಕಾಳುಗಳು ಉಪ್ಪುಕಾಗದದ ಹಾಗೆ ಬಂಡೆಯನ್ನು ಉಜ್ಜುತ್ತವೆ. ಹತ್ತು ಸಾವಿರ ಜನ ಹಾಗೆ ಉಜ್ಜಿದರೆ ಕಾಲಿಡುವ ಜಾಗ ಗಾಜಿನ ಹಾಗೆ ನುಣುಪಾಗುತ್ತೆ. ಆಮೇಲೆ ಅಲ್ಲಿ ಯಾರಿಗೂ ನಿಲ್ಲೋಕಾಗಲ್ಲ. ನಾಳೆ ಬರುವವರಿಗೆ ಬಂಡೆ ಉಳಿಯಲಿ ಅಂತ ಇವತ್ತು ಕಾಲು ಒರೆಸೋದು. ಅಂದಿನಿಂದ ನಾವೂ ಪ್ರತಿ ಸಲ ಒರೆಸಿಯೇ ಹತ್ತಿದೆವು. ಮೊದಲೆರಡು ದಿನ ಅಕ್ಕನ ಹಳೇ ಟವೆಲ್ಲೇ ನಮ್ಮ ಕಾರ್ಪೆಟ್ ಆಯಿತು.

ಈ ಕಾಡಿನ ಬಣ್ಣದ ಸರ್ಕ್ಯೂಟ್‌ಗಳ ಬಗ್ಗೆ ಹೇಳಲೇಬೇಕು, ಯಾಕಂದರೆ ಇಂಥದ್ದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಒಂದರಿಂದ ಶುರುವಾಗಿ ಮೂವತ್ತು, ನಲವತ್ತು ಬಂಡೆಗಳನ್ನು ನಂಬರ್ ಹಾಕಿ ಒಂದು ದಾರಿ ಮಾಡಿರುತ್ತಾರೆ. ಒಂದನ್ನು ಹತ್ತಿ ಇಳಿದರೆ ಬಾಣ ಮುಂದಿನದಕ್ಕೆ ಕರೆಯುತ್ತೆ. ಬಿಳಿ ಮಕ್ಕಳಿಗೆ. ಹಳದಿ, ಕಿತ್ತಳೆ, ನೀಲಿ, ಕೆಂಪು, ಕಪ್ಪು ಹೀಗೆ ಕಷ್ಟ ಏರುತ್ತಾ ಹೋಗುತ್ತೆ. ಪ್ಯಾರಿಸ್‌ನ ಪರ್ವತಾರೋಹಿಗಳು ಆಲ್ಪ್ಸ್‌ಗೆ ಹೋಗುವ ಮುಂಚೆ ದಮ್ಮು ಕಟ್ಟಿಕೊಳ್ಳೋಕೆ ಮಾಡಿಕೊಂಡ ಏರ್ಪಾಡು ಇದು. 1940ರ ದಶಕದಿಂದ ನಡೆದು ಬಂದಿದೆ. ಅದಕ್ಕೂ ಮುಂಚಿನಿಂದಲೇ ಈ ಬಂಡೆಗಳಲ್ಲಿ ಅಭ್ಯಾಸ ಮಾಡಿದವರಲ್ಲಿ ಪಿಯರ್ ಅಲೇನ್ ಒಬ್ಬರು. 1935ರಲ್ಲಿ ಆಲ್ಪ್ಸ್‌ನ ಪೆಟಿ ಡ್ರೂ ಶಿಖರದ ಉತ್ತರ ಮುಖವನ್ನು ಮೊದಲು ಹತ್ತಿದ ಜೋಡಿಯಲ್ಲಿ ಅವರೂ ಇದ್ದರು. ನಮ್ಮ ಕಾಲಿನ ನುಣುಪು ರಬ್ಬರ್ ಅಡಿಯ ಶೂಗೆ ಮೂಲ ಅವರು ಮಾಡಿದ ಶೂ. ಆ ಶೂ ಹುಟ್ಟಿದ ಬಂಡೆಗಳ ಮೇಲೆ ಅದರ ಮೊಮ್ಮಗನಂಥ ಶೂ ತೊಟ್ಟು ನಿಂತಿದ್ದೆ.

ಭಾನುವಾರ ಸರ್ಕ್ಯೂಟ್‌ನಲ್ಲಿ ಜಾತ್ರೆ. ಅಪ್ಪ ಕೆಂಪು ಹತ್ತುತ್ತಾರೆ, ಮಗಳು ಬಿಳಿ ಹತ್ತುತ್ತಾಳೆ, ತಾತ ನೀಲಿ ಮುಗಿಸಿ ಬುತ್ತಿ ಬಿಚ್ಚುತ್ತಾರೆ. ಕೈ ಬೆವರದಿರಲಿ ಅಂತ ನಾವು ಹಚ್ಚಿಕೊಳ್ಳುವ ಬಿಳಿ ಪುಡಿ ಚಾಕ್, ಕೆಲವು ಹಿರಿಯರು ಅದನ್ನು ಮುಟ್ಟೋದೇ ಇಲ್ಲ. ಪೈನ್ ರಾಳದ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬಂಡೆಗೆ ಪಟ ಪಟ ಬಡಿಯುತ್ತಾರೆ. ಅದಕ್ಕೆ 'ಪೊಫ್' ಅಂತಾರೆ. ರಾಳ ಕಲ್ಲಿನ ಮೇಲೆ ಗಟ್ಟಿಯಾಗಿ ಹೊಳಪು ಕೂರುತ್ತೆ ಅಂತ ಈಗ ಅದನ್ನು ಬಳಸಬೇಡಿ ಅನ್ನುವವರೇ ಹೆಚ್ಚು.

ಬಾದಾಮಿಯವನಿಗೆ ಮರಳುಗಲ್ಲು ಹೊಸದಲ್ಲ, ಆದರೂ ಮೊದಲೆರಡು ದಿನ ಅವನಿಗೂ ತಿಣುಕಾಟ. "ನಮ್ಮದೂ ಮರಳುಗಲ್ಲs, ಇದೂ ಮರಳುಗಲ್ಲs. ಆದ್ರ ನಮ್ಮ ಕಲ್ಲು ಕೈ ಕೊಡತೈತಿ, ಇದು ಕೊಡಂಗಿಲ್ಲ" ಅಂದ. ನಿಜ. ಬಾದಾಮಿಯ ಕೆಂಪು ಗೋಡೆಯಲ್ಲಿ ಬೆರಳಿಗೆ ಅಂಚು ಸಿಗುತ್ತೆ. ಹಂಪಿಯಲ್ಲಿ ಹರಳು ಸಿಗುತ್ತೆ, ಚರ್ಮ ಹರಿದರೂ ಎಳೆದುಕೊಂಡು ಮೇಲೆ ಹೋಗಬಹುದು. ಇಲ್ಲಿ ಅಂಗೈ ಪೂರ್ತಿ ಬಂಡೆಗೆ ಒತ್ತಿ, ಕಾಲನ್ನು ನಂಬಿ ನಿಲ್ಲಬೇಕು. ನೆತ್ತಿಗೆ ಬಂದಾಗ ಇನ್ನೂ ಕಷ್ಟ. ಊರ ಬಾವಿಯಲ್ಲಿ ಈಜಿ ಕಟ್ಟೆ ಮೇಲೆ ಮೈ ಎತ್ತಿಕೊಳ್ಳುತ್ತೀವಲ್ಲ, ಹಾಗೆ ಎರಡೂ ಕೈ ಊರಿ ಮೈ ಒತ್ತಿ ಏರಬೇಕು. ಮ್ಯಾಂಟಲ್ ಅಂತ ಅದಕ್ಕೆ ಹೆಸರು. ಹಿಡಿಯೋಕೆ ಏನೂ ಇಲ್ಲದ ದುಂಡು ನೆತ್ತಿಯಲ್ಲಿ ಆ ಒಂದು ಕ್ಷಣ ಎದೆ ಹೊಡೆದುಕೊಳ್ಳುತ್ತೆ.

ಮೂರನೇ ದಿನ ರಾತ್ರಿ ಮಳೆ. ಬೆಳಿಗ್ಗೆ ಬಿಸಿಲು ಬಂತು, ಹತ್ತು ಗಂಟೆಗೆ ಬಂಡೆ ಒಣಗಿದ ಹಾಗೇ ಕಂಡಿತು. ಪ್ಯಾಡ್ ಹಾಸಿ ಶೂ ಕಟ್ಟುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತರು. ಬಂಡೆ ಬುಡದ ಮರಳಿನಲ್ಲಿ ಬೆರಳು ಊರಿ ತೆಗೆದು ತೋರಿಸಿದರು. ಮರಳು ಬೆರಳಿಗೆ ಮೆತ್ತಿಕೊಂಡಿತ್ತು. ನೆಲ ಒದ್ದೆ ಇದ್ದರೆ ಕಲ್ಲಿನ ಒಳಗೂ ನೀರಿದೆ ಅಂತ ಲೆಕ್ಕ. ಒದ್ದೆ ಮರಳುಗಲ್ಲು ಮೆತ್ತಗಾಗಿರುತ್ತೆ, ಕಾಲಿಟ್ಟ ಅಂಚು ಮುರಿದರೆ ಮತ್ತೆ ಬೆಳೆಯಲ್ಲ. ಹಂಪಿಯ ಗ್ರಾನೈಟ್‌ಗೆ ಈ ಚಿಂತೆ ಇಲ್ಲ, ಹಾಗಾಗಿ ನನಗೆ ಹೊಳೆದೇ ಇರಲಿಲ್ಲ. ಬಾದಾಮಿಯವನು ಪ್ಯಾಡ್ ಮಡಿಸಿ ಹೆಗಲಿಗೆ ಹಾಕಿಕೊಂಡ. "ಮಳಿ ಬಂದ್ರ ನಾವೂ ಹತ್ತಂಗಿಲ್ಲ" ಅಂದ.

ಗುರುವಾರ ಆಗಿತ್ತು. ಮಿಯಿ ಲಾ ಫೊರೆಯಲ್ಲಿ ಸಂತೆ ದಿನ. ಸಂತೆ ನಡೆಯೋದು 1479ರಲ್ಲಿ ಕಟ್ಟಿದ ದೊಡ್ಡ ಮರದ ತೊಲೆಗಳ ಮಂಟಪದಲ್ಲಿ. ಚೀಸ್, ಬ್ರೆಡ್, ಸೇಬು ಕೊಂಡೆವು. ಮಧ್ಯಾಹ್ನ ಬಾರ್ಬಿಜಾನ್ ಹಳ್ಳಿಗೆ ಹೋದೆವು. ಅಲ್ಲಿದ್ದ ಚಿತ್ರಕಾರರು, ಅದರಲ್ಲೂ ತಿಯೋಡೋರ್ ರೂಸೋ, ಕಾಡಿನ ಹಳೇ ಮರ ಕಡಿಯಬೇಡಿ ಅಂತ ಹಟ ಹಿಡಿದರು. ಅದರ ಫಲವಾಗಿ 1861ರಲ್ಲಿ ಸಾವಿರ ಹೆಕ್ಟೇರ್‌ಗೂ ಹೆಚ್ಚು ಕಾಡನ್ನು ಅದರ ಚೆಲುವಿಗಾಗಿಯೇ ಕಾಪಾಡಬೇಕು ಅಂತ ಆಜ್ಞೆ ಹೊರಟಿತು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕಿಂತ 11 ವರ್ಷ ಮೊದಲು. ಆ ಕಾಲಕ್ಕೆ ಇದೇ ಕಾಡಿನ ಬಂಡೆ ಒಡೆದು ಪ್ಯಾರಿಸ್ ರಸ್ತೆಗಳಿಗೆ ಹಾಸುಗಲ್ಲು ಸಾಗಿಸುತ್ತಿದ್ದರು. ಬೆಂಗಳೂರಿನ ಸುತ್ತ ಜಲ್ಲಿಯಾಗಿ ಹೋದ ಗುಡ್ಡಗಳು ನೆನಪಾದವು. ನಾವು ಹತ್ತಲು ಕಲಿತ ಒಂದೆರಡು ಬಂಡೆ ಈಗ ಇಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಕೊನೆಯ ದಿನ ಕಾಡಿನ ಇನ್ನೊಂದು ಕಡೆ, ಬಾ ಕ್ಯುವಿಯೆ. ಅಲ್ಲಿ ಲಾ ಮಾರಿ ರೋಜ್ ಅನ್ನೋ ಬಂಡೆದಾರಿ ಇದೆ. 1946ರಲ್ಲಿ ರೆನೆ ಫೆರ್ಲೆ ಹತ್ತಿದ್ದು, ಈ ಕಾಡಿನಲ್ಲಿ 6ಎ ಅನ್ನೋ ಕಷ್ಟದ ಮಟ್ಟ ಮುಟ್ಟಿದ ಮೊದಲ ದಾರಿ. ಇವತ್ತು ಇಲ್ಲೇ 8ಸಿ, ಅದಕ್ಕೂ ಕಷ್ಟದವನ್ನು ಹತ್ತುವವರಿದ್ದಾರೆ. ಆದರೂ ಬಂದವರೆಲ್ಲ ಇದರ ಮುಂದೆ ಒಮ್ಮೆ ನಿಲ್ಲುತ್ತಾರೆ. ಎಷ್ಟು ಕಾಲು ಅದರ ಮೇಲೆ ಬಿದ್ದಿವೆಯೋ, ಕಾಲಿಡುವ ಜಾಗವೆಲ್ಲ ಮಿರಮಿರ ಮಿಂಚುತ್ತಿತ್ತು. ಮೊದಲ ದಿನ ಅಜ್ಜಿ ಹೇಳಿದ್ದು ಏನು ಅಂತ ಅಲ್ಲಿ ಪೂರ್ತಿ ಅರ್ಥವಾಯಿತು.

ನಾನು ಹನ್ನೊಂದು ಸಲ ಹತ್ತಿದೆ. ಹನ್ನೊಂದು ಸಲವೂ ಬಿದ್ದೆ. ಬಲಗೈ ಮೇಲಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ಎಡಗಾಲು ಜಾರುತ್ತಿತ್ತು. ಬಿದ್ದರೆ ಪ್ಯಾಡ್ ಮೇಲೆ ಸರಿಯಾಗಿ ಬೀಳಲಿ ಅಂತ ಬಾದಾಮಿಯವನು ಕೆಳಗೆ ಕೈ ಚಾಚಿ ಕಾಯುತ್ತಾ ಅದನ್ನೇ ಹೇಳುತ್ತಿದ್ದ: "ಕೈ ಮರ್ತುಬಿಡು. ಕಾಲ ಮ್ಯಾಲ ನಿಂದ್ರು." ಗೊತ್ತು, ಆದರೆ ಹೆದರಿಕೆ ಬಂದ ಕೂಡಲೇ ನನ್ನ ಮೈ ಹಂಪಿಯಲ್ಲಿ ಕಲಿತ ಹಾಗೆ ಕೈಯಲ್ಲೇ ಎಳೆಯುತ್ತಿತ್ತು. ಭಾರ ಕೈಗೆ ಹೋದ ತಕ್ಷಣ ಕಾಲು ಹಗುರವಾಗಿ ಜಾರುತ್ತಿತ್ತು.

ಆಮೇಲೆ ಅಕ್ಕ ಎದ್ದರು. ಕೂತು ಎರಡೂ ಶೂಗಳ ಅಡಿಯನ್ನು ಟವೆಲ್‌ನಿಂದ ಒರೆಸಿದರು. ಅಂಗೈಯಿಂದ ಉಜ್ಜಿದರು, ರಬ್ಬರ್ ಕಿರ್ರ್ ಅನ್ನುವ ತನಕ. ಮೊದಲ ಸಲ ಅರ್ಧಕ್ಕೆ ಇಳಿದುಬಿಟ್ಟರು. ಎರಡನೇ ಸಲ ಅವಸರವೇ ಇಲ್ಲ. ಕಾಲಿಟ್ಟರು, ಹಿಮ್ಮಡಿ ಸ್ವಲ್ಪ ಕೆಳಗೆ ಇಳಿಸಿದರು, ನಿಂತರು. ಮತ್ತೆ ಕಾಲಿಟ್ಟರು, ನಿಂತರು. ಕೈಗಳು ಬಂಡೆಯನ್ನು ಸುಮ್ನೆ ಮುಟ್ಟಿಕೊಂಡಿದ್ದವು ಅಷ್ಟೇ. ಮೇಲೆ ಹೋಗಿ ಎರಡೂ ಅಂಗೈ ಊರಿ ಮೈ ಎತ್ತಿದರು. ನಮಗೆ ಉಸಿರು ಬಂತು. ನೆತ್ತಿಯ ಮೇಲೆ ಕಾಲು ಇಳಿಬಿಟ್ಟು ಕೂತು ಅಕ್ಕ ಏನೂ ಮಾತಾಡಲಿಲ್ಲ. ಕಣ್ಣು ಒದ್ದೆಯಾಗಿತ್ತು. ಪಕ್ಕದ ಬಂಡೆಯ ಹತ್ತಿರ ಇದ್ದ ಹುಡುಗರು ಚಪ್ಪಾಳೆ ತಟ್ಟಿದರು.

ಕತ್ತಲಾಗುವ ಮುಂಚೆ ಬ್ರಷ್ ತೆಗೆದುಕೊಂಡು ನಮ್ಮ ಚಾಕ್ ಗುರುತು ಎಲ್ಲ ತಿಕ್ಕಿ ತೆಗೆದೆವು. ಹನ್ನೊಂದು ಸಲ ಹತ್ತಿದ್ದರಿಂದ ನನ್ನ ಗುರುತೇ ಹೆಚ್ಚಿತ್ತು, ಅದಕ್ಕೆ ಹೊತ್ತು ಹಿಡಿಯಿತು.

ಬೆಂಗಳೂರಿಗೆ ಬಂದ ಮೇಲಿನ ಭಾನುವಾರ ಊರಂಚಿನ ತುರಹಳ್ಳಿ ಕಾಡಿಗೆ ಹೋದೆವು. ಬೆಳಿಗ್ಗೆ ಆರೂವರೆ, ಬಂಡೆ ಇನ್ನೂ ತಣ್ಣಗಿತ್ತು. ಹೊಸದಾಗಿ ಕಲಿಯಲು ಬಂದ ಇಬ್ಬರು ಮಕ್ಕಳು ಮಣ್ಣು ಮೆತ್ತಿದ ಶೂನಲ್ಲೇ ಹತ್ತೋಕೆ ಹೊರಟಿದ್ದರು. ಅಕ್ಕ ಬ್ಯಾಗಿನಿಂದ ಮನೆ ಬಾಗಿಲ ಹಳೇ ಕಾಲೊರೆಸು ತೆಗೆದು ಬಂಡೆ ಬುಡಕ್ಕೆ ಹಾಸಿದರು. "ಬನ್ನಿ ಪುಟ್ಟಾ" ಅಂದರು, "ಮೊದಲು ಕಾಲು ಒರೆಸ್ಕೊಳ್ಳಿ."