ನೆತ್ತಿ ಮೇಲೆ ಸೂರ್ಯ, ಕೈಯಲ್ಲಿ 16 ಎಂಎಂ: ಆರು ವಾರದ ಲೆಕ್ಕ

ಲ್ಯಾಂಡ್‌ಸ್ಕೇಪ್ ಫೋಟೊ ಅಂದ ಕೂಡಲೇ ಎಲ್ಲರೂ ಹೇಳೋದು ಒಂದೇ ಮಾತು: ಸೂರ್ಯ ಹುಟ್ಟುವ ಮೊದಲು ಹೋಗಿ, ಇಲ್ಲವೇ ಸಂಜೆ ಹೋಗಿ. ನನಗೆ ಬಿಡುವು ಸಿಗುವುದೇ ಹನ್ನೊಂದರಿಂದ ಎರಡು ಗಂಟೆಯ ನಡುವೆ. ಹಾಗಾಗಿ ಒಂದು ಹಟ ಹಿಡಿದೆ. ಅದೇ ಜಾಗ, ಅದೇ ಸುಡುವ ಹೊತ್ತು, ಅದೇ 16 ಎಂಎಂ ಲೆನ್ಸ್, ಅಂದರೆ ತುಂಬ ಅಗಲದ ನೋಟ ಹಿಡಿಯುವ ವೈಡ್ ಲೆನ್ಸ್. ಎದುರಿಗೆ ಒಂದು ಬಂಡೆಗುಡ್ಡ, ಬುಡದಲ್ಲಿ ಕೆರೆ, ದಡದಲ್ಲಿ ನಾಲ್ಕೈದು ಮರ.

ಮೊದಲ ಎರಡು ವಾರದ ಫೋಟೊ ಈಗ ನೋಡಿದರೆ ನಗು ಬರುತ್ತದೆ. ಆಕಾಶ ಬೆಳ್ಳಗೆ ಸುಟ್ಟಿದೆ, ಮರದ ಕೆಳಗೆ ಕಪ್ಪು ಗುಂಡಿ. ಸರಿ, ಕಂಪ್ಯೂಟರಿನಲ್ಲಿ ನೆರಳಿನ ಭಾಗ ಬೆಳಗಿಸುವ ಶ್ಯಾಡೋಸ್ ಸ್ಲೈಡರನ್ನು +80ಕ್ಕೆ ಎಳೆದೆ, ಹೊಳೆಯುವ ಭಾಗದ ಹೈಲೈಟ್ಸನ್ನು ಪೂರ್ತಿ ಇಳಿಸಿದೆ. ಎಲ್ಲ ಕಾಣಿಸಿತು, ನಿಜ. ಆದರೆ ಇಡೀ ಚಿತ್ರಕ್ಕೆ ಬೂದಿ ಬಳಿದ ಹಾಗಾಯಿತು, ಮರದ ಅಂಚಿಗೆಲ್ಲ ಬಿಳಿ ಗೆರೆ ಬೇರೆ. ಬಿಸಿಲೇ ಇಲ್ಲದ ಬಿಸಿಲಿನ ಫೋಟೊ!

ಮೂರನೇ ವಾರ ಬ್ರಾಕೆಟಿಂಗ್, ಅಂದರೆ ಒಂದೇ ದೃಶ್ಯವನ್ನು ಬೇರೆ ಬೇರೆ ಬೆಳಕಿನ ಅಳತೆಯಲ್ಲಿ ತೆಗೆಯೋದು. ಎರಡೆರಡು ಸ್ಟಾಪ್ ಅಂತರದಲ್ಲಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಇಲ್ಲವೇ ಅರ್ಧ) ಮೂರು ಫೋಟೊ ತೆಗೆದು ಬೆಸೆದೆ. ಗಾಳಿಗೆ ಎಲೆಗಳು ಅಲುಗಾಡಿ ಒಂದೊಂದು ಎಲೆಗೂ ಮೂರು ದೆವ್ವ. ಆಮೇಲೆ ಗೊತ್ತಾಯಿತು, ಸೂರ್ಯ ಚೌಕಟ್ಟಿನೊಳಗೆ ಇಲ್ಲದಿದ್ದರೆ ಇಲ್ಲಿ ಒಂದೇ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ) ಸಾಕು. ನಡುಮಧ್ಯಾಹ್ನದ ಬಿಸಿಲು ಹೆಚ್ಚುಕಡಿಮೆ ಆಗೋದು ಕಮ್ಮಿ. ಹಳೆಯ ‘ಸನ್ನಿ 16’ ಲೆಕ್ಕ ಇರೋದೇ ಅದಕ್ಕೆ: ಲೆನ್ಸಿನ ಕಿಂಡಿ ಎಫ್/16 ಇಟ್ಟರೆ, ಬೆಳಕಿನ ಸೂಕ್ಷ್ಮತೆ ಐಎಸ್ಒ 100ಕ್ಕೆ ಶಟರ್ ಸೆಕೆಂಡಿನ 1/100. ನಾನು ಅಷ್ಟೇ ಬೆಳಕು ಕೊಡುವ ಎಫ್/8, 1/400ರಿಂದ ಶುರು ಮಾಡುತ್ತೇನೆ. ಪರದೆಯಲ್ಲಿ ಮೋಡದ ಭಾಗ ಮಿನುಗಿ ‘ಸುಟ್ಟಿದೆ’ ಅಂತ ಎಚ್ಚರಿಸಿದರೆ ಬೆಳಕನ್ನು ಇನ್ನೊಂದು ಚೂರು ಇಳಿಸುತ್ತೇನೆ. ಆ ಬೆಳಕಿನಲ್ಲಿ ಕ್ಯಾಮೆರಾದ ಪರದೆ ನಂಬಬೇಡಿ, ಅದು ಯಾವಾಗಲೂ ಮಂಕಾಗಿಯೇ ಕಾಣುತ್ತದೆ. ನಾನು ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು ಹಿಸ್ಟೋಗ್ರಾಂ, ಅಂದರೆ ಚಿತ್ರದಲ್ಲಿ ಕಪ್ಪಿನಿಂದ ಬಿಳಿವರೆಗೆ ಎಷ್ಟೆಷ್ಟು ಇದೆ ಅಂತ ತೋರಿಸುವ ನಕ್ಷೆ, ನೋಡುತ್ತೇನೆ. ದಾರಿಹೋಕರು ಏನೆಂದುಕೊಳ್ಳುತ್ತಾರೋ, ಇರಲಿ.

ನಾಲ್ಕನೇ ವಾರ ಪೋಲರೈಸರ್, ಲೆನ್ಸಿನ ಮುಂದೆ ಹಾಕಿ ತಿರುಗಿಸುವ, ಹೊಳಪು ತಗ್ಗಿಸುವ ಫಿಲ್ಟರ್. ವೈಡ್ ಲೆನ್ಸಿಗೆ ಇದನ್ನು ಹಾಕಬೇಡಿ, ಆಕಾಶದ ಒಂದು ಭಾಗ ಮಾತ್ರ ಕಡುನೀಲಿ ಆಗುತ್ತದೆ ಅಂತ ಓದಿದ್ದೆ. ಮಾತು ಸರಿಯೇ. ಫಿಲ್ಟರಿನ ಪರಿಣಾಮ ಜಾಸ್ತಿ ಇರೋದು ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದಲ್ಲಿ, 16 ಎಂಎಂ ಒಂದೇ ಸಲಕ್ಕೆ ಸುಮಾರು 97 ಡಿಗ್ರಿ ಅಗಲ ನೋಡುತ್ತದೆ. ಆದರೆ ಸೂರ್ಯ ನೆತ್ತಿಗೆ ಬಂದಾಗ ಆ ಪಟ್ಟಿ ದಿಗಂತದ ಉದ್ದಕ್ಕೂ ಮಲಗಿಬಿಡುತ್ತದೆ. ಎಡದಿಂದ ಬಲಕ್ಕೆ ಒಂದೇ ಸಮ! ಬದಲಿಗೆ ಗುಡ್ಡದ ಹತ್ತಿರ ಕಡುನೀಲಿ, ಮೇಲೆ ತಿಳಿನೀಲಿ ಆಗಿ ಆಕಾಶ ತಲೆಕೆಳಗಾದ ಹಾಗೆ ಕಂಡಿತು. ರಿಂಗನ್ನು ಅರ್ಧ ಹಿಂದೆ ತಿರುಗಿಸಿದೆ, ಸರಿಹೋಯಿತು. ನಿಜವಾದ ಲಾಭ ಆಗಿದ್ದು ಎಲೆಗಳಿಗೆ. ಮೇಲಿನ ಎಣ್ಣೆ ಹಚ್ಚಿದಂಥ ಬಿಳಿ ಹೊಳಪು ಹೋಗಿ ಒಳಗಿನ ಹಸಿರು ಈಚೆಗೆ ಬಂತು. ಕೆರೆಯಲ್ಲೂ ದಡದ ಹತ್ತಿರದ ಕಲ್ಲುಗಳು ಕಂಡವು, ದೂರದ ನೀರು ಮಾತ್ರ ಹೊಳೆಯುತ್ತಲೇ ಇತ್ತು. ಒಂದೂವರೆ ಸ್ಟಾಪ್ ಬೆಳಕು ತಿನ್ನುತ್ತದೆ, ಈ ಬಿಸಿಲಿನಲ್ಲಿ ಅದು ಯಾವ ಲೆಕ್ಕ?

ಐದನೇ ವಾರದ್ದೇ ಮುಖ್ಯ. ಅಲ್ಲಿಯವರೆಗೆ ನಾನು ಬೈಯುತ್ತಿದ್ದದ್ದು ಬೆಳಕನ್ನು. ಒಂದು ದಿನ ಬಂಡೆಯ ನೆರಳಿಗೆ ಒರಗಲು ಹೋದೆ. ನೆರಳೇ ಇರಲಿಲ್ಲ ಅನ್ನಿ. ಮುಖದ ಪಕ್ಕದಲ್ಲೇ ಬಂಡೆ. ಅಕ್ಕಿಕಾಳಿನಷ್ಟು ಉಬ್ಬಿನ ಕೆಳಗೂ ಬೆರಳುದ್ದ ನೆರಳು ಇಳಿಬಿದ್ದಿತ್ತು. ಒಂದು ಬಿರುಕು ಮಸಿಯಲ್ಲಿ ಎಳೆದ ಗೆರೆ ಹಾಗಿತ್ತು. ಕಾಲಡಿಯ ನೆಲ ಮಾತ್ರ ಚಪ್ಪಟೆ, ಸಪ್ಪೆ. ಆಗ ಹೊಳೆಯಿತು. ನೆತ್ತಿಯ ಸೂರ್ಯ ನೆಲಕ್ಕೆ ನೇರ ಬೆಳಕು, ಆದರೆ ನಿಂತ ಬಂಡೆಗೆ ಓರೆ ಬೆಳಕು. ಸಂಜೆ ಹೊತ್ತು ನೆಲದ ಮೇಲೆ ಏನು ನಡೆಯುತ್ತದೋ, ಮಧ್ಯಾಹ್ನ ಅದು ಗೋಡೆ ಮೇಲೆ ನಡೆಯುತ್ತದೆ. ನಾನು ನಾಲ್ಕು ವಾರ ಬಯಲಿನ ಕಡೆ ಕ್ಯಾಮೆರಾ ಹಿಡಿದು ಕೂತಿದ್ದೆ, ಅಲ್ವಾ!

ಈಗ ಬಂಡೆಯ ಪಕ್ಕ ಮೊಣಕಾಲೂರಿ, ಲೆನ್ಸಿನಿಂದ ಒಂದೂವರೆ ಅಡಿಯಲ್ಲಿ ಆ ಬಿರುಕು ಬರುವ ಹಾಗೆ ಕೂರುತ್ತೇನೆ. ಬಿರುಕು ಕಣ್ಣನ್ನು ಕೆರೆಯ ಕಡೆ ಎಳೆದೊಯ್ಯುತ್ತದೆ. ಆಕಾಶಕ್ಕೆ ಚೌಕಟ್ಟಿನ ಐದರಲ್ಲಿ ಒಂದು ಪಾಲು, ಜಾಸ್ತಿ ಬೇಡ. ಇನ್ನೊಂದು ಅನುಕೂಲ: ನನ್ನದೇ ನೆರಳು ಕಾಲ ಬುಡದಲ್ಲೇ ಮುದುಡಿರುತ್ತದೆ. ಬೆಳಗ್ಗೆ ಸೂರ್ಯ ಬೆನ್ನ ಹಿಂದಿದ್ದರೆ ವೈಡ್ ಲೆನ್ಸಿನಲ್ಲಿ ಆ ಉದ್ದ ನೆರಳನ್ನು ತಪ್ಪಿಸುವುದೇ ದೊಡ್ಡ ಕೆಲಸ.

ಈ ವಾರ ಅದೇ ಫೋಟೊಗಳನ್ನು ಕಪ್ಪು-ಬಿಳುಪಿಗೆ ತಿರುಗಿಸಿದೆ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರಲ್ಲಿ ಅಲ್ಲಿನ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯನ್ನು ತೆಗೆದಾಗ ಕೆಂಪು ಫಿಲ್ಟರ್ ಹಾಕಿ ಆಕಾಶವನ್ನು ಕಪ್ಪಾಗಿಸಿದ್ದರು. ಅದೂ ನಿಂತ ಬಂಡೆಯೇ! ನನಗೆ ಫಿಲ್ಟರ್ ಬೇಕಿಲ್ಲ, ನೀಲಿ ಸ್ಲೈಡರ್ ಇಳಿಸಿದರೆ ಆಯಿತು. −30 ದಾಟಿದರೆ ಮಾತ್ರ ಆಕಾಶದಲ್ಲಿ ರವೆ ಚೆಲ್ಲಿದಂತೆ ನಾಯ್ಸ್ ಏಳುತ್ತದೆ. ಶ್ಯಾಡೋಸ್ ಈಗ +15, ಅಷ್ಟೇ. ಮರದ ಕೆಳಗೆ ಕತ್ತಲು ಇದ್ದರೆ ಇರಲಿ.

ಬಾಕಿ ಇರುವುದು ಮೋಡದ ನೆರಳು. ಗುಡ್ಡದ ಮೇಲೆ ನೆರಳು ಬಿದ್ದು ಬಂಡೆ ಮಾತ್ರ ಬಿಸಿಲಲ್ಲಿ ಇರಬೇಕು. ನಿನ್ನೆ ಮುಕ್ಕಾಲು ಗಂಟೆ ಕಾದೆ. ಬಂತು, ಸರಿಯಾಗಿ ಗುಡ್ಡದ ಮೇಲೇ ಕೂತಿತು. ನಾನು ಆಗ ಬ್ಯಾಟರಿ ಬದಲಾಯಿಸುತ್ತಿದ್ದೆ.